ಬೆನ್ನಿಗೆ ಮಣ್ಣು ಹತ್ತದ ಮಾವ

ನಮ್ಮ ಮಾವ ಅಂಗಾತ ಮಲಗಿದ್ದನ್ನು ನಾನು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ನೋಡಿರಲೇ ಇಲ್ಲ. ಮಧ್ಯಾಹ್ನ ಊಟ ಮುಗಿಸಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡರೂ ಮಗ್ಗುಲಾಗಿಯೇ ಒರಗುತ್ತಿದ್ದರು. ಅಷ್ಟು ದೊಡ್ಡ ದೇಹ, ಒಂದು ಕೈ ತಲೆಯ ಕೆಳಗೆ, ಇನ್ನೊಂದು ಕೈ ಎದೆಯ ಮುಂದೆ ನೆಲಕ್ಕೆ ಊರಿ, ಎಚ್ಚರವಾದ ತಕ್ಷಣ ಎದ್ದುಬಿಡುವವರ ಹಾಗೆ.

"ನಿಮ್ಮ ಮಾವಂಗೆ ನಿದ್ದೇಲೂ ಕುಸ್ತೀನೇ ಕಣೇ. ಬೆನ್ನು ಚಾಪೆಗೆ ತಾಗಿದ್ರೆ ಯಾರಾದ್ರೂ ಸೀಟಿ ಊದಿಬಿಡ್ತಾರೆ ಅಂತ ಭಯ" ಎಂದು ಅತ್ತೆ ಬದುಕಿದ್ದಾಗ ನಗುತ್ತಿದ್ದರು.

ಕುಸ್ತಿಯಲ್ಲಿ ಎರಡೂ ಭುಜ ನೆಲಕ್ಕೆ ತಾಗಿದರೆ ಚಿತ್. ಚಿತ್ ಆದವನು ಸೋತ ಹಾಗೆ. ನಮ್ಮ ಮಾವ ತಮ್ಮ ಕಾಲದಲ್ಲಿ ಸಮ ಮಾಡಿಕೊಂಡು ಎದ್ದು ಬಂದದ್ದುಂಟಂತೆ, ಗೆದ್ದದ್ದಂತೂ ಬೇಕಾದಷ್ಟುಂಟಂತೆ, ಆದರೆ ಜನರೆದುರು ಚಿತ್ ಆಗಿದ್ದಿಲ್ಲ. ಹೊಸಹಳ್ಳಿಯ ಹಳಬರು ಅವರನ್ನು ಗುರುತು ಹೇಳುತ್ತಿದ್ದದ್ದೇ ಹಾಗೆ: ಬೆನ್ನಿಗೆ ಮಣ್ಣು ಹತ್ತದ ಪೈಲ್ವಾನರು.

ನಾನು ಹೇಳುತ್ತಿರುವುದು ಎರಡು ಸಾವಿರದ ಇಸವಿಯ ನಂತರದ ಮಾತು. ಅಷ್ಟು ಹೊತ್ತಿಗೆ ಅವರು ಕುಸ್ತಿ ಬಿಟ್ಟು, ನಮ್ಮ ಮನೆಯ ಎದುರಿಗಿದ್ದ ಗರಡಿಯ ಉಸ್ತಾದರಾಗಿ ಬಹಳ ವರ್ಷವಾಗಿತ್ತು. ಸುತ್ತ ಬೆಂಗಳೂರಿನ ವಿಜಯನಗರದ ಕಡೆಯೆಲ್ಲ ಮನೆ ಮೇಲೆ ಮನೆ ಎದ್ದು ಬಿಸಿಲು ಬೀಳುವುದೇ ಕಷ್ಟವಾಗಿದ್ದರೂ, ಆಂಜನೇಯನ ಗುಡಿಯ ಪಕ್ಕದ ಆ ಹೆಂಚಿನ ಕಟ್ಟಡವನ್ನು ಯಾರೂ ಮುಟ್ಟಿರಲಿಲ್ಲ. ಒಳಗೆ ಕೆಮ್ಮಣ್ಣಿನ ಮಟ್ಟಿ. ಕುಸ್ತಿಯಾಡುವ ಆ ಗುಂಡಿಗೆ ಮಟ್ಟಿ ಎನ್ನುತ್ತಾರೆ. ಜರಡಿ ಹಿಡಿದ ಮಣ್ಣಿಗೆ ಅರಿಶಿನ, ಬೇವಿನ ಪುಡಿ, ಕರ್ಪೂರ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುತ್ತಿದ್ದರು. ಹೆಂಗಸರು ಮಟ್ಟಿಗೆ ಇಳಿಯುವ ಹಾಗಿಲ್ಲ. ನನ್ನ ಪಾಲಿಗಿದ್ದದ್ದು ಹೊಸ್ತಿಲಾಚೆ ನಿಂತು ಮಜ್ಜಿಗೆಯ ಕೊಡ ಕೊಡುವುದು, ಅರಿಶಿನ ಕೊಡುವುದು, ಶನಿವಾರದ ಪೂಜೆಗೆ ಹೂವು ಕೊಡುವುದು. ದೇವರ ಕೆಲಸ ಬಾಗಿಲಾಚೆ ನಿಂತು ಮಾಡಿದರೂ ದೇವರಿಗೆ ಸಲ್ಲುತ್ತದೆ ಎಂದು ನಾನು ನಂಬಿದವಳು.

ಒಂದು ರಾಮನವಮಿಯ ದಿನ ಎರಡು ಕೊಡ ಮಜ್ಜಿಗೆ ಮಾಡಿಟ್ಟಿದ್ದೆ. ಒಂದು ಮಟ್ಟಿಗೆ, ಸಪ್ಪೆ. ಇನ್ನೊಂದು ಗುಡಿಗೆ ಬಂದವರಿಗೆ ಹಂಚಲು, ಉಪ್ಪು, ಹಸಿಮೆಣಸಿನಕಾಯಿ, ಶುಂಠಿ ಜಜ್ಜಿ ಹಾಕಿದ್ದು. ಶಿಷ್ಯರಲ್ಲಿ ಒಬ್ಬ ಆಟೋ ಓಡಿಸುತ್ತಿದ್ದ. ಅವನು ಅವಸರದಲ್ಲಿ ಬಂದು ಕೈಗೆ ಸಿಕ್ಕ ಕೊಡ ಎತ್ತಿಕೊಂಡು ಹೋಗಿ ಮಟ್ಟಿಗೆ ಸುರಿದ. ಮರುದಿನ ಬೆಳಗ್ಗೆ ಗರಡಿಯೊಳಗಿಂದ ಕೂಗಾಟವೋ ಕೂಗಾಟ. ಮೈಮೇಲೆ ತರಚಿದಲ್ಲೆಲ್ಲ ಉರಿ. ಎಲ್ಲರೂ ನಲ್ಲಿಯ ಕೆಳಗೆ ನಿಂತು ಕುಣಿಯುತ್ತಿದ್ದರು.

"ಅಕ್ಕಾ, ಮಟ್ಟಿಗೆ ಒಗ್ಗರಣೇನೂ ಹಾಕ್ಬೇಕಿತ್ತು, ಅದೊಂದ್ಯಾಕೆ ಬಿಟ್ರಿ?" ಎಂದು ಆಟೋದವನೇ ನನ್ನನ್ನು ಕೇಳಿದ. ತಾನೇ ತಪ್ಪು ಮಾಡಿ!

"ಲೇ, ಕೊಡ ಎತ್ತೋ ಮುಂಚೆ ಮೂಸಿ ನೋಡಕ್ಕೆ ಮೂಗಿಲ್ವೇನೋ ನಿಂಗೆ?" ಎಂದು ಮಾವ ಒಳಗಿಂದಲೇ ಗದರಿದರು. ಆ ಹುಡುಗರು ವಾರವೆಲ್ಲ ಮಣ್ಣು ಮುಟ್ಟುವ ಮೊದಲು ನೆಕ್ಕಿ ನೋಡುವವರ ಹಾಗೆ ನಟಿಸಿ ಅವನನ್ನು ಅಳಿಸಿದರು.

ಬಾಗಲಕೋಟೆಯವನು ಬಂದದ್ದು ಅದಾದ ಮೇಲೆ. ಎಲ್ಲರೂ ಅವನನ್ನು ಬಾಗಲಕೋಟೆ ಎಂದೇ ಕರೆಯುತ್ತಿದ್ದರು. ರಾಜಾಜಿನಗರದ ಒಂದು ಮರದ ಅಡ್ಡೆಯಲ್ಲಿ ದಿಮ್ಮಿ ಹೊರುತ್ತಿದ್ದ, ಹೇರೋಹಳ್ಳಿಯಲ್ಲಿ ಬಾಡಿಗೆ ಕೋಣೆ. ಬೆಳಕು ಹರಿಯುವ ಮೊದಲೇ ಆ ಹಾಳು ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ.

"ವಸ್ತಾದ್ರು ಅದಾರೇನ್ರೀ ಅಕ್ಕಾರ?"

ಉಸ್ತಾದರನ್ನೇ ಅವರ ಕಡೆ ಹಾಗೆನ್ನುತ್ತಾರೆಂದು ಮಾವ ಹೇಳಿದರು. ಹುಡುಗರು ಅವನನ್ನು ಸುತ್ತುಗಟ್ಟಿದರು. "ಏನ್ ಗುರು, ಜೋಳದ ರೊಟ್ಟಿ ತಿಂದು ಬಂದಿದೀಯಾ, ನಮ್ ಮುದ್ದೆ ಮುಂದೆ ನಿಲ್ತೀಯಾ?" ಎಂದು ಆಟೋದವನು ತೋಳು ತಟ್ಟಿದ.

"ನಿಂದರತೀನಪಾ. ನಿನ್ನ ಮುದ್ದಿ ಅರಗೂತನಾ ನಿಂದರತೀನಿ" ಎಂದ ಅವನು, ನಗದೆ.

ಸ್ವಲ್ಪ ಹೊತ್ತಿನಲ್ಲೇ ಆಟೋದವನು ಚಿತ್ ಆಗಿ ಹೆಂಚು ನೋಡುತ್ತಾ ಬಿದ್ದಿದ್ದ. ಅವತ್ತಿನಿಂದ ಅವರಿಬ್ಬರೂ ಜೋಡಿ. ದಿನಾ ಒಟ್ಟಿಗೆ ಸಾಮು ಮಾಡುವುದು, ಒಬ್ಬರಿಗೊಬ್ಬರು ಎಣ್ಣೆ ತೀಡುವುದು, ಒಂದೇ ತಟ್ಟೆಯಲ್ಲಿ ನೆನೆಸಿದ ಕಡಲೆ ತಿನ್ನುವುದು. ಬೆಂಗಳೂರಿಗೆ ಬಂದು ಯಾರೂ ಇಲ್ಲದವನಿಗೆ ಒಂದು ಮುಂಜಾವಿನಲ್ಲಿ ಅಣ್ಣತಮ್ಮಂದಿರು ಸಿಕ್ಕಿದ್ದರು. ನನಗೂ ಒಬ್ಬ ತಮ್ಮ ಸಿಕ್ಕ. ಹಬ್ಬದ ದಿನ ಗರಡಿಯವರಿಗೆಲ್ಲ ನಮ್ಮಲ್ಲೇ ಊಟ. ದೊಡ್ಡ ಪಾತ್ರೆಯಲ್ಲಿ ನಾನು ಮುದ್ದೆ ತೊಳಸುವುದನ್ನು ನೋಡಿ, "ಅಕ್ಕಾರ, ನಿಮ್ಮ ರಟ್ಟಿ ನೋಡಿದ್ರ ನನಗ ಅಂಜಿಕಿ ಬರ್ತತಿ" ಎನ್ನುತ್ತಿದ್ದ.

ಆಟೋದವನು ಅವತ್ತು ಬಿದ್ದಾಗ ಮುಖ ಸಣ್ಣದು ಮಾಡಿಕೊಂಡಿದ್ದನ್ನು ನೋಡಿ ಮಾವ ಹೇಳಿದ ಮಾತೊಂದಿದೆ. ಒಂದೇ ಗರಡಿಯವರು ಅಭ್ಯಾಸಕ್ಕೆ ಹಿಡಿಯುವುದನ್ನು ಜೋರು ಮಾಡುವುದು ಎನ್ನುತ್ತಿದ್ದರು. "ಜೋರಲ್ಲಿ ಚಿತ್ ಆಗೋದು ಸೋಲಲ್ಲ ಕಣೋ. ಅದು ಮನೆಯೊಳಗಿನ ಮಾತು. ಮನೇಲಿ ಬೀಳದೆ ಇರೋನು ಬೀದೀಲಿ ಬೀಳ್ತಾನೆ." ಅವರಲ್ಲಿ ಇನ್ನೊಂದು ಪದ್ಧತಿಯಿತ್ತು. ಹಿಡಿಯುವ ಮೊದಲು ಮಟ್ಟಿಯ ಮಣ್ಣನ್ನು ಹಣೆಗೆ ಮುಟ್ಟಿಸಿ ಎದುರಾಳಿಯ ಕಡೆಗೆ ನೀಡಬೇಕು. ನೀಡಿದ ಮಣ್ಣನ್ನು ಪೈಲ್ವಾನನಾದವನು ಬೇಡ ಎನ್ನುವಂತಿಲ್ಲ. ಎದುರಿಗಿರುವವನು ಎಷ್ಟೇ ಚಿಕ್ಕವನಾಗಿರಲಿ.

ಆ ವರ್ಷ ಗೌರಿಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ ಮಾವ ಮಟ್ಟಿಯ ಅಂಚಿನಲ್ಲಿ ನಿಂತು ಯಾರಿಗೋ ಪಟ್ಟು ಹೇಳಿಕೊಡುತ್ತಿದ್ದವರು ಮಾತು ತೊದಲಿದರು. ಬಲಗೈ ಜೋತುಬಿತ್ತು. ಬೀಳುವ ಮೊದಲೇ ಶಿಷ್ಯರು ಹಿಡಿದುಕೊಂಡರು. ಆಟೋ ಬಾಗಿಲಲ್ಲೇ ಇತ್ತು, ಆಸ್ಪತ್ರೆಗೆ ಬೇಗ ತಲುಪಿದೆವು, ಜೀವ ಉಳಿಯಿತು. ಬಲಭಾಗ ಪೂರಾ ಲಕ್ವ ಹೊಡೆದಿತ್ತು. ಆದರೂ ಅವತ್ತು ಸಂಜೆ ದೀಪ ಹಚ್ಚುವಾಗ ನಾನು ಆಂಜನೇಯನಿಗೆ ಕೈಮುಗಿದು ಹೇಳಿದ್ದು, ನೆಲಕ್ಕೆ ಬೀಳಲು ಬಿಡಲಿಲ್ಲವಲ್ಲಪ್ಪ, ಅಷ್ಟು ಸಾಕು ಎಂದು.

ಮನೆಗೆ ಕರೆತಂದ ಮೇಲೆ ಕಷ್ಟ ಶುರುವಾಯಿತು. ಬೀದಿಯ ಕಿಟಕಿಯ ಪಕ್ಕ ಮಂಚ ಹಾಕಿದೆವು, ಗರಡಿ ಕಾಣಲಿ ಎಂದು. ಶಿಷ್ಯರು ಬೆಳಗ್ಗೆ ಬಂದು ಕಿಟಕಿಯಾಚೆ ನಿಂತು ನಮಸ್ಕಾರ ಮಾಡಿ ಒಳಗೆ ಸಾಮಿಗೆ ಹೋಗುವರು. ಮಾವ ಬಲಮಗ್ಗುಲಿಗೆ ತಿರುಗಿ, ಚೆನ್ನಾಗಿದ್ದ ಎಡಗೈಯಲ್ಲಿ ಕಿಟಕಿಯ ಸರಳು ಹಿಡಿದುಕೊಂಡು ಮಲಗಿರುವರು. ಅದೊಂದೇ ಭಂಗಿ. ಬೆಳಗ್ಗೆಯೂ ಅದೇ, ಸಂಜೆಯೂ ಅದೇ. ಲಕ್ವ ಹೊಡೆದ ಮಗ್ಗುಲಾದ್ದರಿಂದ ಅವರಿಗೆ ನೋವೇ ಗೊತ್ತಾಗುತ್ತಿರಲಿಲ್ಲ. ನೋಡನೋಡುತ್ತಾ ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಯಿತು, ಆಮೇಲೆ ಒಡೆಯಿತು.

ಡ್ರೆಸಿಂಗ್ ಮಾಡಲು ಬರುತ್ತಿದ್ದ ಸಿಸ್ಟರ್ ಮೊದಲ ದಿನವೇ ಹೇಳಿದರು. "ಒಂದೇ ಕಡೆ ಮಲಗಿಸ್ಲೇಬೇಡಿ. ಅಂಗಾತ ಮಲಗಿಸಿ, ಆ ಕಡೆ ಮಲಗಿಸಿ, ತಿರುಗಿಸ್ತಾ ಇರಿ. ಈ ಗಾಯ ಮೂಳೆಗಿಳಿದ್ರೆ ನಂಜು ರಕ್ತಕ್ಕೆ ಹೋಗುತ್ತೆ. ಆಮೇಲೆ ಲಕ್ವ ಅಲ್ಲ, ಈ ಗಾಯಾನೇ ಅವರನ್ನ ತಗೊಂಡು ಹೋಗೋದು."

ತಿರುಗಿಸುವುದು ಹೇಗೆ? ನಮ್ಮ ಮನೆಯವರು ಅಪ್ಪನ ಭುಜ ಹಿಡಿದು ಅಂಗಾತ ಮಾಡಲು ಹೋದರೆ, ಎಡಗೈ ಒಂದರಲ್ಲೇ ಸರಳು ಹಿಡಿದು ಅವರು ಮತ್ತೆ ಮಗ್ಗುಲಾಗುತ್ತಿದ್ದರು. ಅರ್ಧ ದೇಹ ಸತ್ತಿದ್ದರೂ ಉಳಿದರ್ಧ ಪೈಲ್ವಾನನದು. ಎಡಕ್ಕೆ ತಿರುಗಿಸಿ ಮುಖ ಗೋಡೆಗೆ ಮಾಡಿದರೆ ಗರಡಿ ಕಾಣುವುದಿಲ್ಲ, ಅದನ್ನೂ ಒಪ್ಪರು.

"ಅಪ್ಪಾ, ಒಂಚೂರು ಹೊತ್ತು ಬೆನ್ನ ಮೇಲೆ ಮಲ್ಕೊಳಿ. ಕಿಟಕಿ ಮುಚ್ತೀನಿ. ಇಲ್ಲಿ ಯಾರೂ ನೋಡ್ತಿಲ್ಲ" ಎಂದು ಒಂದು ದಿನ ಇವರು ಗೋಗರೆದರು.

ಮಾವನ ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಒಂದೊಂದೇ ಪದ ಹೊರಡಿಸಿದರು.

"ನಾನ್... ನೋಡ್ತಿದೀನಲ್ಲ."

ಇವರು ಹಿತ್ತಲಿಗೆ ಹೋಗಿ ತೊಟ್ಟಿಯ ಮೇಲೆ ಕುಳಿತು ಅತ್ತರು. ಇವರು ಗರಡಿಗೆ ಹೋದವರಲ್ಲ, ಲೆಕ್ಕಪತ್ರದ ಕೆಲಸದವರು. ಅಪ್ಪನ ಈ ಹಟ ಇವರಿಗೆ ಅರ್ಥವಾಗುತ್ತಿತ್ತು, ಅದನ್ನು ಬಿಡಿಸುವ ದಾರಿ ಕಾಣುತ್ತಿರಲಿಲ್ಲ. ಶಿಷ್ಯರನ್ನು ಕೇಳಿಕೊಂಡರು. "ಅಣ್ಣಾ, ಉಸ್ತಾದ್‌ನ ನಾವು ಚಿತ್ ಮಾಡೋದಾ? ಕೈ ಬರಲ್ಲಣ್ಣ" ಎಂದ ಆಟೋದವನು. ದೊಡ್ಡ ದೊಡ್ಡ ಆಳುಗಳು, ಮಂಚದ ಹತ್ತಿರ ಬರಲು ಹೆದರಿ ಬಾಗಿಲಲ್ಲಿ ನಿಂತಿದ್ದರು.

ಬಾಗಲಕೋಟೆ ಆಗ ಊರಲ್ಲಿರಲಿಲ್ಲ. ತಂಗಿಯ ಮದುವೆಗೆ ಹೋದವನು ತಿರುಗಿ ಬಂದು, ಬಸ್ಸಿಳಿದ ಚೀಲದ ಸಮೇತ ನಮ್ಮ ಮನೆಗೇ ಬಂದ. ಮಂಚದ ಪಕ್ಕ ಕುಳಿತ. ಸಿಸ್ಟರ್ ಡ್ರೆಸಿಂಗ್ ಬಿಚ್ಚುತ್ತಿದ್ದರು. ಗಾಯ ನೋಡಿದ, ಸಿಸ್ಟರ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ, ಎದ್ದು ಹೋದ. ಹೋಗಿಬಿಟ್ಟನೇನೋ ಎಂದುಕೊಂಡೆ. ಸಿಸ್ಟರ್ ಕಟ್ಟು ಕಟ್ಟಿ ಹೊರಟ ಮೇಲೆ ತಿರುಗಿ ಬಂದ. ಅಂಗಿ ಬಿಚ್ಚಿದ್ದ, ಗರಡಿಯ ಚಡ್ಡಿ ಹಾಕಿದ್ದ, ಮುಷ್ಟಿಯಲ್ಲಿ ಮಟ್ಟಿಯ ಮಣ್ಣಿತ್ತು. ಅವನ ಹಿಂದೆ ಉಳಿದವರೂ ಬಂದು ಕಿಟಕಿಯಾಚೆ ನಿಂತರು.

ಹಣೆಗೆ ಮುಟ್ಟಿಸಿಕೊಂಡು ಮಣ್ಣನ್ನು ಮಾವನ ಕಡೆ ನೀಡಿದ.

"ಬರ್ರಿ ವಸ್ತಾದ್ರ. ಜೋರ್ ಮಾಡೂಣು."

ಮಾವ ಅವನನ್ನೇ ನೋಡಿದರು.

"ಕೈ... ಇಲ್ಲ" ಎಂದರು.

"ನಿಮಗ ಒಂದ ಕೈ ಸಾಕಾಗತೈತ್ರಿ. ಎರಡೂ ಇದ್ದಿದ್ರ ನಾ ಬರ್ತಿದ್ದಿಲ್ಲ." ನೀಡಿದ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಳ್ಳಲೇ ಇಲ್ಲ. "ಜೋರಿನ್ಯಾಗ ಸೋಲಿಲ್ಲ ಅಂತ ನೀವ ಹೇಳೀರಿ. ಮಣ್ಣು ಹಿಡಕೊಂಡು ನಿಂತೀನ್ರೀ. ಬ್ಯಾಡ ಅನ್ನಾಕ ಬರೂದಿಲ್ಲ ನಿಮಗ."

ಮಾವ ಒಮ್ಮೆ ಗರಡಿಯ ಕಡೆ ನೋಡಿದರು. ಆಮೇಲೆ ಸರಳು ಹಿಡಿದಿದ್ದ ಎಡಗೈ ಬಿಟ್ಟರು. ಬೆರಳ ತುದಿಯಲ್ಲಿ ಚೂರು ಮಣ್ಣು ತೆಗೆದುಕೊಂಡು ಹಣೆಗೆ ಹಚ್ಚಿಕೊಂಡರು.

ಮುಂದಿನದನ್ನು ಕುಸ್ತಿ ಎನ್ನಬೇಕೋ ಸೇವೆ ಎನ್ನಬೇಕೋ ನನಗೆ ತಿಳಿಯದು. ಅವನು ಮಂಚದ ಮೇಲೆ ಮೊಣಕಾಲೂರಿ, ಗಾಯ ತಾಗದ ಹಾಗೆ ಸೊಂಟಕ್ಕೆ ಕೈ ಕೊಟ್ಟ. ಮಾವ ಎಡಗೈಯಲ್ಲಿ ಅವನ ಕತ್ತು ಹಿಡಿದರು. ನಿಜವಾಗಿಯೇ ಹಿಡಿದರು, ಅವನ ಕತ್ತಿನ ನರ ಉಬ್ಬಿತು. ಅವನೂ ಸುಮ್ಮನೆ ಆಟಕ್ಕೆ ಮಾಡಲಿಲ್ಲ, ಮೆಲ್ಲಗೆ, ಆದರೆ ಬಿಡದೆ, ಗಾಡಿಯ ಗಾಲಿ ತಿರುಗಿಸಿದ ಹಾಗೆ ತಿರುಗಿಸುತ್ತಾ ಹೋದ. ಇಬ್ಬರಿಗೂ ಬೆವರಿಳಿಯಿತು. ಕೊನೆಗೆ ಆ ಅಗಲವಾದ ಬೆನ್ನು ಹಾಸಿಗೆಗೆ ತಾಗಿತು. ಒಂದು ಭುಜ, ಆಮೇಲೆ ಇನ್ನೊಂದು.

ಮಾವ ಕಣ್ಣು ಮುಚ್ಚಿಕೊಂಡಿದ್ದರು. ನೊಂದುಕೊಂಡರೋ ಏನೋ ಎಂದು ನಾನು ದೇವರ ಕೋಣೆಯ ಕಡೆ ನೋಡಿದೆ.

"ಸೊಂಟ... ಬಿಟ್ಟೆ" ಎಂದರು ಮಾವ, ಕಣ್ಣು ತೆರೆಯದೆ. "ನಡುವೆ... ನೀನ್ ಸೊಂಟ ಬಿಟ್ಟೆ. ದಡ್ಡ."

"ಹೌದ್ರೀ. ತಪ್ಪಾತ್ರೀ" ಎಂದ ಬಾಗಲಕೋಟೆ. ಅಷ್ಟು ಹೊತ್ತು ಗಟ್ಟಿಯಾಗಿದ್ದವನು ಆಗ ಮುಂಗೈಯಲ್ಲಿ ಕಣ್ಣೊರೆಸಿಕೊಂಡ. ಮುಖವೆಲ್ಲ ಕೆಂಪು ಮಣ್ಣಾಯಿತು.

ಅವತ್ತಿನಿಂದ ಬೆಳಗ್ಗೆ ಒಬ್ಬ, ಸಂಜೆ ಒಬ್ಬ ಬಂದು ಉಸ್ತಾದರ ಜೊತೆ ಜೋರು ಮಾಡುವುದು ಗರಡಿಯ ನೇಮವಾಯಿತು. ಸಿಸ್ಟರ್ ಬಂದು ಬಿಳಿ ಹಾಸಿಗೆಯ ಮೇಲೆ ಕೆಮ್ಮಣ್ಣು ನೋಡಿ, "ಏನ್ರೀ ಇದು! ತೆರೆದ ಗಾಯ ಇಟ್ಕೊಂಡು ಮಣ್ಣಾ?" ಎಂದು ಎಲ್ಲರಿಗೂ ಚೆನ್ನಾಗಿ ಬೈದರು. ಬೈದದ್ದು ಸರಿಯಾಗಿಯೇ ಇತ್ತು. ಆಮೇಲೆ ಹಣೆಗೆ ಕುಂಕುಮದಷ್ಟು ಮಾತ್ರ ಇಟ್ಟು, ಕೈಯನ್ನು ಸೋಪು ಹಾಕಿ ತೊಳೆದೇ ಮುಟ್ಟುವುದು ಎಂದಾಯಿತು. ಮಣ್ಣನ್ನು ಒಂದು ಡಬ್ಬಿಯ ಮುಚ್ಚಳದಲ್ಲಿ ಹಾಕಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಆಟೋದವನು ಮೊದಲ ದಿನ ಮೂರು ಸಲ ಕೈ ತೊಳೆದುಕೊಂಡು ಬಂದ. "ಉಸ್ತಾದ್, ಸ್ವಲ್ಪ ನಿಧಾನಕ್ಕೆ ಹೊಡೀರಿ, ಮಧ್ಯಾಹ್ನ ಬಾಡಿಗೆ ಇದೆ" ಎಂದ. ಮಾವನ ಅರ್ಧ ಬಾಯಿ ನಕ್ಕಿತು. ಎಡಗೈಗೆ ಬಲ ಬಂತು, ಮಾತು ಒಂದಿಷ್ಟು ಸುಧಾರಿಸಿತು. ಇದೆಲ್ಲ ನಾನು ಬೇಡಿಕೊಂಡದ್ದಕ್ಕಿಂತ ಹೆಚ್ಚೇ.

ಗಾಯ ಮಾತ್ರ ಮಾಯುತ್ತಿರಲಿಲ್ಲ.

"ಬೆಳಗ್ಗೆ ಎಷ್ಟು ವಾಸಿ ಆಗುತ್ತೋ ಅಷ್ಟೂ ಮಧ್ಯಾಹ್ನ ಹಾಳಾಗ್ತಿದೆ" ಎಂದರು ಸಿಸ್ಟರ್. "ಹಗಲೆಲ್ಲ ಮನೇಲಿ ಯಾರಿರ್ತೀರಾ?"

ಹಗಲೆಲ್ಲ ಇರುತ್ತಿದ್ದವಳು ನಾನು. ಹುಡುಗರು ಕೆಲಸಕ್ಕೆ ಹೋದ ಮೇಲೆ ಮಾವ ಮತ್ತೆ ಸರಳು ಹಿಡಿದು ಬಲಮಗ್ಗುಲಾಗುತ್ತಿದ್ದರು. ಊಟ ಮಾಡಿಸುವುದು, ನೀರು ಕುಡಿಸುವುದು ನಾನೇ. ಆದರೆ ಮೈ ಹಿಡಿದು ತಿರುಗಿಸುವುದು ಬೇರೆ. ಮಾವ ಸೊಸೆಯ ನಡುವೆ ನಮ್ಮ ಕಡೆ ಒಂದು ದೂರ ಇರುತ್ತದೆ. ಅವರೆದುರು ನಾನು ಕುರ್ಚಿಯಲ್ಲಿ ಕೂತವಳಲ್ಲ, ಅವರು ನನ್ನ ಮುಖ ನೋಡಿ ಮಾತಾಡಿದವರಲ್ಲ. ಇಬ್ಬರಿಗೂ ಸಂಕೋಚ. ಆ ಸಂಕೋಚಕ್ಕೆ ಒಂದು ಜೀವ ಹೋಗಬಹುದು ಎಂದು ಇಬ್ಬರಿಗೂ ಗೊತ್ತಿತ್ತು.

ಕಾರ್ತಿಕದ ಒಂದು ಸೋಮವಾರ. ಉಪವಾಸವಿದ್ದೆ. ಮಧ್ಯಾಹ್ನ ಮಾವನಿಗೆ ಗಂಜಿ ಕುಡಿಸಿ, ಬಟ್ಟಲು ತೊಳೆದಿಟ್ಟು ಬಂದೆ. ಕಟ್ಟಿನ ಮೇಲೆ ಮತ್ತೆ ಕೆಂಪು ಒಸರಿತ್ತು. ಯೋಚನೆ ಮಾಡುತ್ತಾ ನಿಂತರೆ ಧೈರ್ಯ ಹೋಗುತ್ತದೆ ಎಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಕಿಟಕಿಯ ಕಟ್ಟೆಯ ಮೇಲಿನ ಮುಚ್ಚಳಕ್ಕೆ ಕೈಮುಗಿದು, ಚಿಟಿಕೆ ಮಣ್ಣು ತೆಗೆದು, ಹಣೆಗೆ ಮುಟ್ಟಿಸಿಕೊಂಡು ಅವರ ಮುಂದೆ ಹಿಡಿದೆ.

ಮಾವ ನನ್ನ ಕೈ ನೋಡಿದರು. ಆಮೇಲೆ ಮುಖ ನೋಡಿದರು.

"ನೀನು... ಸಾಮು ಮಾಡಿಲ್ವಲ್ಲಮ್ಮ."

"ನಿಮ್ಮ ಗರಡಿಗೆಲ್ಲ ಮುದ್ದೆ ತೊಳಸಿದೀನಲ್ಲ ಮಾವಾ" ಎಂದೆ. ಹೇಗೆ ಆ ಮಾತು ಬಂತೋ!

ಅವರ ಹೊಟ್ಟೆ ಅಲುಗಿತು. ನಗು ಬಾಯಿಗೆ ಬರುವುದಕ್ಕೆ ಹೊತ್ತಾಯಿತು, ಆದರೆ ಬಂತು. ಎಡಗೈ ಸರಳು ಬಿಟ್ಟು ಕೆಳಗೆ ಬಂದು ನನ್ನ ಬೆರಳಿನಿಂದ ಮಣ್ಣು ತೆಗೆದುಕೊಂಡಿತು.

ಕೈ ತೊಳೆದು ಬಂದು ಭುಜ ಹಿಡಿದೆ.

"ಭುಜ ಅಲ್ಲ. ಸೊಂಟ."

ಸೊಂಟಕ್ಕೆ ಕೈ ಕೊಟ್ಟೆ.

"ಮಂಡಿ... ಊರು. ಮಂಚದ ಮೇಲೆ. ನಾಚ್ಕೋಬೇಡ."

ಊರಿದೆ.

"ಉಸಿರು... ಬಿಡ್ತಾ ಎಳಿ. ನನ್ನ ಭಾರ... ನೀನ್ ಹೊರಬೇಡ. ಅದೇ ಬರುತ್ತೆ."

ಅವರು ನನ್ನ ಜೊತೆ ಸೆಣಸಲಿಲ್ಲ. ಎಡಗೈಯನ್ನು ಮಂಚಕ್ಕೆ ಒತ್ತಿ ನನಗೆ ಸಹಾಯ ಮಾಡಿದರು. ಅವರು ಹೇಳಿದ ಹಾಗೆ ಉಸಿರು ಬಿಡುತ್ತಾ ಎಳೆದಾಗ ಆ ಭಾರ ತಾನಾಗಿ ನನ್ನ ಕಡೆ ಉರುಳಿ ಬಂತು, ಮೆಲ್ಲಗೆ ಬೆನ್ನು ಹಾಸಿಗೆಗೆ ಇಳಿಯಿತು. ತಲೆಯ ಕೆಳಗೆ ದಿಂಬು ಸರಿಮಾಡಿದೆ.

"ಹ್ಞೂ" ಎಂದರು. "ಬಂತು ನಿಂಗೆ."

ಹೊರಗೆ ಮಧ್ಯಾಹ್ನದ ಬೀದಿ. ತರಕಾರಿ ಗಾಡಿಯವನು ಕೂಗುತ್ತಾ ಬರುತ್ತಿದ್ದ, ಶಾಲೆ ಬಿಟ್ಟ ಮಕ್ಕಳು, ಗುಡಿಗೆ ಹೋಗುವ ಹೆಂಗಸರು. ಯಾರು ಬೇಕಾದರೂ ತಲೆ ಎತ್ತಿದರೆ ಕಾಣುವ ಹಾಗೆ ನಮ್ಮ ಮಾವ ಅಂಗಾತ ಮಲಗಿದ್ದರು. ನಾನು ಬೇಗ ಹೋಗಿ ಕಿಟಕಿಯ ಬಾಗಿಲಿಗೆ ಕೈ ಹಾಕಿದೆ.

"ಬಿಡಮ್ಮ" ಎಂದರು ಮಾವ. "ಗಾಳಿ ಬರ್ಲಿ."